ಅಪ್ಪನ ಮಾತು ಹೇಳುತ್ತಿದ್ದ ರತ್ನಕ್ಕ

ನಮ್ಮ ಪಕ್ಕದ ಮನೆಯ ರತ್ನಕ್ಕನಷ್ಟು ಸಲೀಸಾಗಿ ಸುಳ್ಳು ಹೇಳುವವರನ್ನು ಶಿವಾರಪಟ್ಟಣದಲ್ಲಿ ನಾನು ಬೇರೆ ಕಾಣೆ. ಅವಳ ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳಿಸದು, ಮಾತು ಬಾರದು. ವಿಗ್ರಹ ಕೆತ್ತುವ ಅವಳ ಅಪ್ಪ, ಅಂದರೆ ನಾನು ಕರೆಯುತ್ತಿದ್ದಂತೆ ಆಚಾರಿ ಮಾವ, ಅವರಿಗೆ ಕೋಪವಂತೂ ಮೂಗಿನ ತುದಿಯಲ್ಲೇ. ಒಮ್ಮೆ ಮುಳಬಾಗಿಲಿನ ಗಿರಾಕಿಯೊಬ್ಬ ಲಕ್ಷ್ಮಿಯ ಮೂಗು ಸೊಟ್ಟ ಎಂದು ಬೆರಳು ತೋರಿಸಿದ್ದೇ ತಡ, ಮಾವ ಉಳಿ ಬಿಸಾಡಿ ಎರಡೂ ಕೈ ಬೀಸಿದರು. ನಿನಗೇನು ಕಣ್ಣು ಕುರುಡಾ, ಎದ್ದು ಹೋಗು ಅಂತ.

"ಏಮ್ಮಾ, ಏನಂತಾರೆ ನಿಮ್ಮಪ್ಪ?"

"ನಿಮ್ ಕಣ್ಣು ಭಾಳ ಸೂಕ್ಷ್ಮ ಅಂತಾರೆ ಸಾರ್. ಕೂತ್ಕಳಿ, ಕಾಫಿ ಕುಡೀರಿ."

ಆ ಮನೆಯಲ್ಲೇ ಆಡಿ ಬೆಳೆದ ನನಗೆ ಅವರ ಸನ್ನೆಗಳೆಲ್ಲ ಗೊತ್ತು. ನಗು ತಡೆಯಲಾರದೆ ಹಿತ್ತಲಿಗೆ ಓಡಿದೆ.

ರೇಷನ್ ಅಂಗಡಿ, ಆಸ್ಪತ್ರೆ, ಬೀದಿ ಜಗಳ, ಎಲ್ಲದಕ್ಕೂ ಅವರ ಬಾಯಿ ರತ್ನಕ್ಕನೇ. ಅವಳು ಅರ್ಧ ದಿನ ಕೋಲಾರಕ್ಕೆ ಹೋದರೂ ಆ ಮನೆ ಕದ ಹಾಕಿಕೊಂಡು ಕೂರುತ್ತಿತ್ತು. ಅವಳ ಮದುವೆಯ ಮಾತೆತ್ತಿದರೆ ಮಾವ ಎದ್ದು ಹೋಗುತ್ತಿದ್ದರು.

ಎಂಬತ್ತರ ದಶಕದ ಮೊದಮೊದಲು. ಮಾತು ಬಾರದ ಕೂಲಿಯವಳೊಬ್ಬಳ ಕೇಸಿನಲ್ಲಿ ಸನ್ನೆ ಬಿಡಿಸಿ ಹೇಳಲೆಂದು ಇವಳನ್ನು ಮಾಲೂರಿನ ಕೋರ್ಟಿಗೆ ಕರೆದೊಯ್ದರು. ತರಬೇತಿ ಆಗಿದೆಯಾ, ಸರ್ಟಿಫಿಕೇಟ್ ಎಲ್ಲಿ ಎಂದು ಕೇಳಿ ಹೊರಗೆ ಕೂರಿಸಿದರಂತೆ.

"ಹುಟ್ಟಿದಾಗಿಂದ ಇದೇ ಕೆಲ್ಸ ಮಾಡ್ತಿದೀನಿ ಕಣೇ. ಇದಕ್ಕೂ ಪಾಸಾಗ್ಬೇಕಂತೆ!" ಎಂದು ಹಾರಾಡಿದಳು. ಆಮೇಲೆ ಅದೇ ಆಸೆಯಾಯಿತು. ಸರ್ಟಿಫಿಕೇಟ್ ಬಂದರೆ ತನ್ನದು ಅಂತ ಒಂದು ಕೆಲಸ, ಈ ಮನೆಯಿಂದಾಚೆಗೆ ಒಂದು ದಾರಿ.

ಮನೆಯಲ್ಲಿ ಜಗಳವಾಡಿಕೊಂಡೇ ಬೆಂಗಳೂರಿನ ಕಿವುಡ ಮಕ್ಕಳ ಶಾಲೆಯೊಂದರ ಸನ್ನೆ ಕಲಿಸುವ ಬೇಸಿಗೆ ಶಿಬಿರಕ್ಕೆ ಹೋಗಿ ಬಂದಳು. "ಬೈದ್ರೆ ಬೈಗುಳಾನೇ ಹೇಳ್ಬೇಕಂತೆ ಕಣೇ! ಒಂದು ಮಾತು ಸೇರಿಸಂಗಿಲ್ಲ, ಬಿಡಂಗಿಲ್ಲ. ಅಪ್ಪಂದು ಹಂಗೇ ಹೇಳಿದ್ರೆ ನಾವು ಊರಲ್ಲಿರ್ತೀವಾ?" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆದರೂ ದಿನಾ ಸಂಜೆ ನನ್ನಿಂದ ಬೈಸಿಕೊಂಡು, ಅದನ್ನು ಕೈಯಲ್ಲಿ ಹೇಳಿ ಹೇಳಿ ಅಭ್ಯಾಸ ಮಾಡಿದಳು.

ಒಂದು ದಿನ ಆ ಶಾಲೆಯ ಮೇಷ್ಟ್ರೇ ಬಂದರು. ವರ್ಷದ ತರಬೇತಿ, ಹಾಸ್ಟೆಲ್ಲಿನಲ್ಲೇ ಇರಬೇಕು, ಕೊನೆಗೆ ಪರೀಕ್ಷೆ. ನಿಮ್ಮ ಮಗಳು ಪಾಸಾಗುವುದು ಖಂಡಿತ, ನೀವು ಒಪ್ಪಬೇಕು ಎಂದರು. ಅವರಿಗೆ ಪಟ್ಟಣದ ಸನ್ನೆ ಗೊತ್ತೇ ಹೊರತು ಈ ಮನೆಯೊಳಗೆ ಹುಟ್ಟಿದ ಸನ್ನೆ ಗೊತ್ತಿರಲಿಲ್ಲ. ಹಾಗಾಗಿ ಮಾವನಿಗೆ ಅದನ್ನು ಹೇಳಬೇಕಾದವಳು, ಮಾವನ ಉತ್ತರವನ್ನು ತಿಳಿಸಬೇಕಾದವಳು ರತ್ನಕ್ಕನೇ.

ಮಾವನ ಕೈ ನಿಧಾನವಾಗಿ ಆಡಿತು. ಆವತ್ತು ಕೋಪವಿರಲಿಲ್ಲ. ಹೊಸಿಲಲ್ಲಿ ನಿಂತ ನಾನು, ಸುಳ್ಳು ಹೇಳೇ ನಮ್ಮಮ್ಮಾ, ಹೂಂ ಅಂದರು ಅಂತ ಹೇಳೇ ಎಂದು ಒಳಗೊಳಗೇ ಬೇಡಿಕೊಂಡೆ.

"ಇವಳು ಹೋದ್ರೆ ನಾವಿಬ್ರೂ ಈ ಕಲ್ಲುಗಳ ಥರ ಬಿದ್ದಿರ್ತೀವಿ, ಕಳ್ಸಲ್ಲ ಅಂತಾರೆ ಸಾರ್" ಎಂದಳು ರತ್ನಕ್ಕ.

"ಅಷ್ಟೇನಾ ಹೇಳಿದ್ದು?"

"ಅಷ್ಟೇ ಸಾರ್. ಒಂದು ಮಾತೂ ಬಿಟ್ಟಿಲ್ಲ."

ಮೇಷ್ಟ್ರು ಹೋದ ಮೇಲೆ ನಾನು ರೇಗಿದೆ. "ಯಾರಪ್ಪನ ಗಂಟು ಹೋಗ್ತಿತ್ತಕ್ಕ, ಒಂದು ಸುಳ್ಳು ಹೇಳಿದ್ರೆ?" ಅವಳು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮರುವರ್ಷ ನಾನು ಮದುವೆಯಾಗಿ ಮುಳಬಾಗಿಲಿಗೆ ಹೊರಟೆ. ನಮ್ಮಪ್ಪನಿಗೂ ಶ್ರೀನಿವಾಸಪುರಕ್ಕೆ ವರ್ಗವಾದ್ದರಿಂದ ರತ್ನಕ್ಕನನ್ನು ಕಂಡದ್ದು ಅದೇ ಕೊನೆ. ಹೊರಡುವಾಗ ಆಚಾರಿ ಮಾವ ನನ್ನ ತಲೆ ಸವರಿ, ನಮ್ಮಪ್ಪನತ್ತ ತಿರುಗಿ ಏನೋ ಕೇಳಿದರು.

"ಏನಂತಾನಮ್ಮಾ?" ಎಂದ ಅಪ್ಪ.

"ಮಗಳನ್ನ ಕಳಿಸೋಕೆ ಹೆಂಗೆ ಮನಸ್ಸು ಬಂತು ಅಂತ ಕೇಳ್ತಾರೆ."

ಅಪ್ಪ ಕಣ್ಣೊರೆಸಿಕೊಂಡ. "ಅವಳು ಚೆನ್ನಾಗಿರ್ಲಿ ಅಂತ ಕಳಿಸ್ತಿದೀನಿ, ಹೇಳಮ್ಮ."

ರತ್ನಕ್ಕ ತನ್ನಪ್ಪನ ಎದುರು ನಿಂತು ಕೈಯೆತ್ತಿ ಅದನ್ನು ಹಾಗೆಯೇ ಹೇಳಿದಳು. ಮಾವ ಅವಳ ಕೈಗಳನ್ನು ನೋಡಿದರು, ಮುಖ ನೋಡಿದರು.