ಭಜನೆಯ ಲೆಕ್ಕದಲ್ಲಿ ಎಂಆರ್‌ಐ

ಹರಪನಹಳ್ಳಿಯ ಸ್ಕ್ಯಾನ್ ಸೆಂಟರಿನಲ್ಲಿ ನಾನೂ ನಮ್ಮ ಮನೆಯವರೂ ಒಂದೇ ಎಂಆರ್‌ಐ ಯಂತ್ರ ನಡೆಸುತ್ತೇವೆ. ನನಗೆ ಕೆಲಸ ಕಲಿಸಿದವರೂ ಅವರೇ. ಮದುವೆಗೆ ಮುಂಚೆ ನನ್ನೆದುರು ಕೂತು ಆ ಯಂತ್ರದ ಗುಟ್ಟು ಬಿಡಿಸಿ ಹೇಳಿದ ಪರಿಗೇ ನಾನು ಮರುಳಾದದ್ದು. ಸೀರೆ, ಹೂವು ತಂದುಕೊಡುವ ಗಂಡಸಲ್ಲ ಅವರು. ನನ್ನ ಪಾಲಿಗೆ ಬಂದದ್ದು ಆ ಪಾಠವೊಂದೇ.

ಈಗ ಹಡಗಲಿ ಕಡೆಯ ಹುಡುಗಿಯೊಬ್ಬಳು ಕಲಿಯಲು ಬಂದಿದ್ದಾಳೆ. ಮೊನ್ನೆ ನಾನು ಯಂತ್ರದ ಸದ್ದು ತಡೆಯಲು ರೋಗಿಯ ಕಿವಿಗೆ ಹತ್ತಿ ಇಟ್ಟು ಹೊರಗೆ ಬಂದರೆ, ಇವರು ಅವಳಿಗೆ ಹೇಳುತ್ತಿದ್ದಾರೆ: “ಅಯಸ್ಕಾಂತದ ಬಲ ಎಲ್ಲಾ ಕಡಿ ಒಂದೇ ಇದ್ರ, ಮೈಯಾಗಿನ ನೀರಿನ ಕಣ ಎಲ್ಲಾ ಒಂದೇ ಶ್ರುತಿಗೆ ದನಿ ಕೊಡ್ತಾವ. ಯಾವುದು ಎಲ್ಲಿಂದ ಬಂತು? ಭಜನಿಗೆ ಸಾಲಾಗಿ ಕುಂತೋರ್ನ ನೆನಸ್ಕೋ. ಈ ತುದಿಯಿಂದ ಆ ತುದಿಗೆ ಬಲ ಏರಿಸ್ಕೊಂತ ಹೋದ್ರ ಶ್ರುತಿನೂ ಏರ್ತತಿ. ಕಣ್ಣು ಮುಚ್ಚಿದ್ರೂ ಯಾರು ಎಲ್ಲಿ ಅದಾರ ಗೊತ್ತಾಗ್ತತಿ.”

ಅಯ್ಯೋ ಶಿವನೇ, ನನ್ನ ಭಜನೆ! ಒಂದಕ್ಷರ ಬದಲಿಲ್ಲ. ಮದುವೆಗೆ ಮುಂಚೆ ನನಗೆ ಹೇಳಿದ್ದೂ ಇದನ್ನೇ.

ಅವಳಾದರೂ ಸುಮ್ಮನಿರಬಾರದೇ? “ಎಡ ಬಲ ಗೊತ್ತಾತ್ರಿ ಸರ್. ಹಿಂದು ಮುಂದು ಹೆಂಗ್ರಿ?” ಎಂದಳು. ಆ ಪ್ರಶ್ನೆಯನ್ನು ನಾನು ಎಂದೂ ಕೇಳಿರಲಿಲ್ಲ.

“ಶಭಾಷ್ ತಂಗಿ!” ಇವರ ಮುಖ ಅರಳಿತು. “ಆ ದಿಕ್ಕಿಗೆ ಬಲಾನ ಒಂದು ಗಳಿಗಿ ಏರುಪೇರು ಮಾಡಿ ಬಿಟ್ಟುಬಿಡ್ತೀವಿ. ಶ್ರುತಿ ಮತ್ತ ಒಂದಾಗ್ತತಿ, ತಾಳ ಮಾತ್ರ ಒಬ್ಬರದು ಮುಂದ, ಒಬ್ಬರದು ಹಿಂದ ಉಳೀತತಿ. ಏರುಪೇರು ಬದಲಿಸಿ ಬದಲಿಸಿ ಕೇಳಿದ್ರ ಜಾಗ ಸಿಗ್ತತಿ. ಅದಕ್ಕ ಸ್ಕ್ಯಾನಿಗೆ ಇಷ್ಟು ಹೊತ್ತು ಹಿಡಿಯೋದು.”

ತಂಗಿಯಂತೆ, ತಂಗಿ!

ಆಮೇಲೆ ಯಂತ್ರವನ್ನೂ ಅವಳ ಕೈಗೇ ಕೊಟ್ಟರು. ಪಕ್ಕದಿಂದ ಕಾಣುವ ತಲೆಯ ಚಿತ್ರಕ್ಕೆ ಅವಳು ಚೌಕಟ್ಟು ಚಿಕ್ಕದಿಟ್ಟಳು. ತಾಳದಲ್ಲಿ ಪೂರಾ ಒಂದು ಸುತ್ತು ಹಿಂದೆ ಬಿದ್ದವನೂ ಸರಿಯಾಗಿ ಹಾಕುವವನೂ ಕೇಳುವವರಿಗೆ ಒಂದೇ. ಹಾಗೆಯೇ ಚೌಕಟ್ಟಿನಾಚೆ ಉಳಿದ ಮೂಗು ಹಿಂದಲೆಯ ಮೇಲೆ ಬಂದು ಕೂತಿತು. ನನಗೆ ಒಳಗೊಳಗೇ ಹಿಗ್ಗು. ಈಗ ಬೈಯುತ್ತಾರೆ ಎಂದು ಕಾದೆ. ಕಲಿಯುವಾಗ ನಾನು ಇದೇ ತಪ್ಪು ಮಾಡಿದ್ದಕ್ಕೆ, “ಕಣ್ಣು ಎಲ್ಲಿಟ್ಟಿದ್ದಿ?” ಎಂದು ರೋಗಿಯ ಮನೆಯವರ ಮುಂದೆಯೇ ಗದರಿದ್ದರು. ಇವಳಿಗೆ ನಕ್ಕುಬಿಟ್ಟರು! “ಇರ್ಲಿ ಬಿಡವ್ವಾ, ಚೌಕಟ್ಟು ದೊಡ್ಡದು ಮಾಡಿ ಮತ್ತೊಂದು ತಗಿ.” ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ.

ಸಂಜೆ ಬೈಕಿನಲ್ಲಿ ಅವರ ಹಿಂದೆ ಕೂತು ನಮ್ಮೂರು ತೆಲಿಗಿಗೆ ಹೋಗುವಾಗ ನನಗೆ ತಡೆಯಲಾಗಲಿಲ್ಲ. “ಆ ತಾಳದ್ದು ನನಗೂ ಒಂದ್ಸಲ ಹೇಳ್ರಿ,” ಎಂದೆ.

“ನಿನಗೇನು ಹೇಳಾದೈತಿ? ಆ ಯಂತ್ರ ನನಗಿಂತ ನೀನೇ ಚಲೋ ಬಲ್ಲಿ,” ಎಂದರು.

ಇಷ್ಟು ವರ್ಷಗಳಲ್ಲಿ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ಆದರೆ ನಾನು ಕೇಳಿದ್ದು ಹೊಗಳಿಕೆಯನ್ನಲ್ಲ, ಪಾಠವನ್ನು. ಮನೆ ಮುಟ್ಟುವವರೆಗೆ ನಾನು ಅವರ ಹೆಗಲ ಮೇಲೆ ಕೈ ಇಡಲಿಲ್ಲ.