ರಸ್ತೆಯಾಚೆಯ ಡಬ್ಬಿ

ಮಾಸ್ತರರ ಎಡಗೈ ತೋರುಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಮತದಾನದ ಶಾಯಿ ಆ ಸೀಳಿನೊಳಗೆ ಇಳಿದರೆ ತಿಂಗಳುಗಟ್ಟಲೆ ಹೋಗುತ್ತಿರಲಿಲ್ಲ. "ದ್ವಿಸದಸ್ಯ ಕ್ಷೇತ್ರ ನೋಡ್ರಿ ಇದು! ಬೆರಳು ಒಂದು, ಸೀಟು ಎರಡು," ಎಂದು ಎತ್ತಿ ತೋರಿಸಿ ನಗುವರು.

ಹಿಮಾಯತ್‌ನಗರದಿಂದ ತುಸು ಆಚೆ, ನಮ್ಮ ಕಟ್ಟಡದ ಕೆಳಮನೆಯಲ್ಲಿದ್ದರು. ಬೀದರ ಕಡೆಯವರು, ಕನ್ನಡ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಚುನಾವಣೆ ಬಂತೆಂದರೆ ಮುಗಿಯಿತು, ಚಹಾಕ್ಕೆ ಕರೆದು ನಕ್ಷೆ ಹರವುವರು. ಯಾವ ಓಣಿ ಯಾವಾಗ ಯಾವ ಕ್ಷೇತ್ರಕ್ಕೆ ಸೇರಿತು ಎಂಬುದಕ್ಕೆಲ್ಲ ಪೆನ್ಸಿಲ್ ಗೆರೆ. ನಾನು ಚಹಾ ಕುಡಿದು ಜಾರಿಕೊಳ್ಳುವ ಗಿರಾಕಿ.

ಒಂದು ಕತೆಯನ್ನು ಮಾತ್ರ ಬಿಡದೆ ಹೇಳುತ್ತಿದ್ದರು. ಮೊದಲ ಚುನಾವಣೆಗಳಲ್ಲಿ ಕೆಲವು ಕ್ಷೇತ್ರಗಳಿಂದ ಇಬ್ಬರು ಆರಿಸಿ ಲೋಕಸಭೆಗೆ ಹೋಗುತ್ತಿದ್ದರು. ಅದರಲ್ಲಿ ಒಂದು ಸ್ಥಾನ ದಲಿತರಿಗೆ ಮೀಸಲು. ಮತದಾರನ ಕೈಗೆ ಎರಡು ಚೀಟಿ, ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಡಬ್ಬಿ. ಒಂದೇ ಡಬ್ಬಿಗೆ ಎರಡೂ ಹಾಕಿದರೆ ಒಂದು ರದ್ದು. ಪೇಟೆಯ ಬಟ್ಟೆ ಅಂಗಡಿಯಲ್ಲಿದ್ದ ಅವರಪ್ಪ ಮೆಚ್ಚಿನವನ ಡಬ್ಬಿಗೇ ಎರಡನ್ನೂ ತುರುಕಿ ಬಂದಿದ್ದರು!

"ಪ್ರೀತೀಲೆ ಹಾಕ್ಯಾರ್ರಿ ನಮ್ಮಪ್ಪ. ಖರೇ, ಆ ಕಡಿ ಕೇರಿಯವರಿಗೆ ಹೋಗೋ ಓಟು ಕೆಡಿಸಿಬಿಟ್ರು. ಸಾಯೋತನಕ ಹಳಹಳಿಸಿದ್ರು," ಎನ್ನುವಾಗ ಮಾಸ್ತರರ ನಗು ನಿಂತಿರುತ್ತಿತ್ತು. ಕೊನೆಗೆ ಅದೇ ಮಾತು: "ಎರಡೂ ಡಬ್ಬಿ ನೋಡಬೇಕ್ರಿ." ಚಷ್ಮಾ ಕಳೆದರೂ ಅದೇ, ಬಸ್ಸು ತಪ್ಪಿದರೂ ಅದೇ.

ಕಳೆದ ಲೋಕಸಭಾ ಚುನಾವಣೆಯ ದಿನ ನಮ್ಮ ಬೂತಿನಲ್ಲಿ ನನ್ನ ಹೆಸರಿತ್ತು, ಅವ್ವನದಿರಲಿಲ್ಲ. ಒಂದು ಸಲವೂ ಓಟು ತಪ್ಪಿಸದ ಅವ್ವ! ಹೊಸ ಸೀರೆ ಉಟ್ಟು ಬಂದವಳು ಶಾಲೆಯ ಮೆಟ್ಟಿಲ ಮೇಲೆ ಕುಸಿದು ಕೂತಳು. "ನಲವತ್ತು ವರ್ಷ ಈ ಊರಾಗ ಬಾಳೇವು ಮಾಡೀನಿ. ಈಗ ನಾ ಯಾರೂ ಅಲ್ಲೇನೋ?" ಎಂದಳು. ಬೂತು ಮುಚ್ಚಲು ಅರ್ಧ ಗಂಟೆಯಿತ್ತು.

ಅಷ್ಟರಲ್ಲಿ ಮಾಸ್ತರರು ಬಂದರು. "ಮೊದಲಿನ ಮನಿ ರಸ್ತಾ ಆಚಿ ಇತ್ತಲ್ಲ? ಆಚಿ ಬಾಜೂದು ಬ್ಯಾರೆ ಕ್ಷೇತ್ರ. ತಮ್ಮಾ, ಅವ್ವನ ಫಾರಂ ತುಂಬಿದ್ಯಾ?"

ತುಂಬಿರಲಿಲ್ಲ. ಮನೆ ಬದಲಿಸಿದಾಗ ನನ್ನದಷ್ಟನ್ನೇ ತುಂಬಿ ಕೈತೊಳೆದುಕೊಂಡಿದ್ದೆ. ರಸ್ತೆ ದಾಟಿದ್ದಕ್ಕೆ ಕ್ಷೇತ್ರ ಬದಲಾದೀತೆಂದು ಯಾರಿಗೆ ಗೊತ್ತು? ಗೊತ್ತಿದ್ದವರು ನಕ್ಷೆ ಹರವಿದಾಗ ನಾನು ಜಾರಿಕೊಂಡಿದ್ದೆನಲ್ಲ.

"ಅಕ್ಕಾರ, ಏಳ್ರಿ. ಇನ್ನೊಂದು ಡಬ್ಬಿ ಐತಿ," ಎಂದು ಅವ್ವನ ಕೈಹಿಡಿದು, ವಾಹನಗಳಿಗೆ ಅಂಗೈ ಅಡ್ಡ ಹಿಡಿದು ರಸ್ತೆ ದಾಟಿಸಿದರು. ಆಚೆಯ ಬೂತಿನ ಪಟ್ಟಿಯಲ್ಲಿ ಅವ್ವನ ಹೆಸರು, ಹಳೆಯ ಫೋಟೋ, ಎಲ್ಲ ಇದ್ದವು. ಅಬ್ಬಾ, ಹೋದ ಜೀವ ಬಂದಂತಾಯಿತು! ಹೊರಬಂದ ಅವ್ವ ಶಾಯಿಯ ಬೆರಳು ಎತ್ತಿ ಹಿಡಿದೇ ಮನೆವರೆಗೂ ನಡೆದಳು. ಮರುವಾರವೇ ನಾನು ಅವಳ ಫಾರಂ ತುಂಬಿದೆ.

ಮಾಸ್ತರರು ಹೋಗಿ ಈಗ ಆರು ತಿಂಗಳು. ನಿದ್ದೆಯಲ್ಲೇ ಹೋದರು, ನರಳಲಿಲ್ಲ. ಮೊನ್ನೆ ಮತದಾರರ ಪಟ್ಟಿ ತಿದ್ದುವ ಹುಡುಗಿ ಬಂದಿದ್ದಳು. ಅವ್ವನ ಹೆಸರು ಈಗ ನಮ್ಮ ಪಟ್ಟಿಯಲ್ಲೇ ಇತ್ತು. ಮಾಸ್ತರರ ಹೆಸರಿನ ಮೇಲೆ ಗೆರೆ ಎಳೆದು, ತೀರಿಕೊಂಡಿದ್ದಾರೆ ಎಂದು ಬರೆದುಕೊಂಡಳು.

ಅವ್ವ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ನನಗೆ ಮೆಲ್ಲಗೆ, "ಮಾಸ್ತರರ ಹೆಸರಿಗೆ ರಸ್ತಾ ಆಚಿ ಪಟ್ಟೀನೂ ಒಮ್ಮೆ ನೋಡಂತ ಹೇಳೋ ಆ ಹುಡುಗಿಗೆ," ಎಂದಳು.

ಹೇಳಿದೆ. ಪಾಪ, ಆ ಹುಡುಗಿ ಮೊಬೈಲು ತೆಗೆದು ಆ ಪಟ್ಟಿಯನ್ನೂ ನೋಡಿದಳು.