ನಿಂಗಮ್ಮ ಮಿಸ್ ಬರೆಯದ ರ‍್ಯಾಂಕು

ನಂಜನಗೂಡಿನ ನಮ್ಮ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕುರ್ಚಿಯ ಮೇಲೆ ಕೂರದ ಟೀಚರೆಂದರೆ ನಿಂಗಮ್ಮ ಮಿಸ್ ಒಬ್ಬರೇ. ಭಾರಿ ಮೈಯಾದರೂ ನೆಲದ ಮೇಲೆಯೇ ಕೂರುತ್ತಿದ್ದರು. ಸಂಜೆ ತಮ್ಮೂರು ತಗಡೂರಿನ ಬಸ್ಸು ಹತ್ತುವ ಹೊತ್ತಿಗೆ ಅವರ ಸೆರಗಿನಲ್ಲಿ ಎಲ್‌ಕೆಜಿ ಮಕ್ಕಳ ಮಣ್ಣುಗೈ, ಸುರಿಮೂಗು ಎಲ್ಲದರ ಗುರುತೂ ಇರುತ್ತಿತ್ತು. ತೊಂಬತ್ತರ ದಶಕದ ಕೊನೆಯ ವರ್ಷಗಳವು. ನಾನು ಪಕ್ಕದ ಯುಕೆಜಿಗೆ ಹೊಸ ಟೀಚರು.

ಒಂದು ದಿನ ಬರೆದೂ ಬರೆದೂ ಪುಟ್ಟ ಹುಡುಗಿಯೊಬ್ಬಳ ಬೆರಳು ಕೆಂಪಗೆ ಊದಿಕೊಂಡಿತ್ತು. ನಿಂಗಮ್ಮ ಮಿಸ್ ಎಲ್ಲರ ಪೆನ್ಸಿಲ್ಲುಗಳನ್ನೂ ಕಿತ್ತುಕೊಂಡು ಬೀರುವಿನ ಮೇಲಿಟ್ಟರು. ಮಕ್ಕಳನ್ನು ಹೊಂಗೆಮರದಡಿ ಕೂರಿಸಿ ಹುಣಸೆಬೀಜ ಎಣಿಸಲು ಕಲಿಸತೊಡಗಿದರು. ಶಾಲೆಯ ಸೆಕ್ರೆಟರಿ ಬಂದು ರೇಗಿದರು.

"ಬರೆಸ್ರೀ ಅಂದ್ರೆ ಮಣ್ಣಲ್ಲಿ ಆಡಿಸ್ತಾ ಕೂತಿದೀರಲ್ಲ?"

"ಬೆರಳು ಇನ್ನೂ ಎಳೇದು ಸಾ. ಬಲೀಲಿ, ಆಮೇಲೆ ಬರೀತವೆ."

ತಂದೆ-ತಾಯಂದಿರ ಮೀಟಿಂಗಿನಲ್ಲಿ ಗೊಬ್ಬರದಂಗಡಿಯವರೊಬ್ಬರು ಎದ್ದುನಿಂತು, "ಫೀಸ್ ಕಟ್ಟಿಲ್ವಾ ನಾವು? ದಿನಾ ಮೂರ್ ಪುಟ ಬರೆಸಿ" ಎಂದರು. ಮಿಸ್ ಅವರ ಕೈಗೊಂದು ಸ್ಲೇಟು ಕೊಟ್ಟರು.

"ಎಡಗೈಲಿ ನಿಮ್ ಹೆಸರು ಬರೀರಿ ಸಾ. ಇಪ್ಪತ್ತು ಸಲ."

ಅವರು ನಗುತ್ತಲೇ ಶುರುಮಾಡಿದರು. ಐದನೆಯ ಸಲಕ್ಕೆ ಬಳಪ ಕೆಳಗಿಟ್ಟು ಬೆರಳು ಕೊಡವಿಕೊಂಡರು.

"ಯಾಕ್ ಸಾ, ನಿಲ್ಲಿಸ್‌ಬುಟ್ರಿ? ನಿಮ್ ಮಗೀಗೆ ಬಲಗೈನೂ ಇಂಗೇ ಕಣ್ರೀ ಇರೋದು."

ಅವರು ಸ್ಲೇಟು ವಾಪಸು ಕೊಟ್ಟು ಕೂತರು. ಆದರೂ ಆ ವರ್ಷದ ಕೊನೆಗೆ ಎಲ್‌ಕೆಜಿಗೂ ರ‍್ಯಾಂಕ್ ಕೊಡಬೇಕೆಂದು ಮ್ಯಾನೇಜ್‌ಮೆಂಟು ಹೇಳಿತು. ಮಿಸ್ ಪ್ರೋಗ್ರೆಸ್ ಕಾರ್ಡುಗಳ ಕಟ್ಟನ್ನು ಏನೂ ಬರೆಯದೆ ಹಾಗೆಯೇ ತಂದು ಸೆಕ್ರೆಟರಿಯ ಮೇಜಿನ ಮೇಲಿಟ್ಟರು.

"ಮೂರೂವರೆ ವರ್ಸದ ಮಗೀಗೆ ನೀನು ಮೂವತ್ತೊಂಬತ್ತನೆಯವ ಅಂತ ನನ್ ಕೈಲಿ ಬರೆಯಕ್ಕಾಗಕಿಲ್ಲ ಸಾ."

"ಹಂಗಾದ್ರೆ ನಾಳೆಯಿಂದ ಬರಬೇಡಿ."

"ಆಯ್ತು. ಇವತ್ತು ಬೆಲ್ ಹೊಡೆಯೋಗಂಟ ನನ್ ಮಕ್ಳು ಅವು."

ಬೆಲ್ ಆಗುವವರೆಗೂ ಮಕ್ಕಳೊಂದಿಗೆ ಆಡಿದರು, ಒಂದೊಂದೇ ಮಗುವಿನ ಶೂ ಲೇಸು ಕಟ್ಟಿ ಕಳಿಸಿ ಹೊರಟುಹೋದರು. ಮಾರನೆಯ ದಿನ ಸೆಕ್ರೆಟರಿ ಆ ಕಾರ್ಡುಗಳನ್ನು ನನ್ನ ಮುಂದಿಟ್ಟರು. ಮೂವತ್ತೊಂಬತ್ತಕ್ಕೂ ರ‍್ಯಾಂಕ್ ಬರೆದವಳು ನಾನು. ಕೆಲಸ ಹೋದೀತೆಂಬ ಭಯ.

ಕೆಲವು ವರ್ಷಗಳ ನಂತರ ಟಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಮಿಸ್ ಸಿಕ್ಕರು. ಊರಿನ ಮಕ್ಕಳನ್ನು ಮನೆಯ ಜಗಲಿಯಲ್ಲೇ ಸೇರಿಸಿಕೊಂಡು ಕಲಿಸುತ್ತಿದ್ದರಂತೆ. ಕೈಹಿಡಿದು ಕೇಳಿದರು:

"ಇನ್ನೂ ರ‍್ಯಾಂಕ್ ಬರೀತಿದ್ದೀಯೇನವ್ವ?"

"ಹೂಂ ಮಿಸ್."

ಬೈಯಲಿಲ್ಲ. "ಕೊನೇ ರ‍್ಯಾಂಕಿನ ಮಗೀನ ಮೊಕ ಒಂದ್ಸಲ ನೋಡ್ಕಂಡ್ ಬರಿ" ಎಂದರು, ಅಷ್ಟೇ. ಬಸ್ಸು ಬಂತು, ಹೋದರು.

ಆ ವರ್ಷದ ಮಾರ್ಚಿನಲ್ಲಿ ನನ್ನ ತರಗತಿಯ ಕೊನೆಯವಳ ಹೆಸರು ಸಿಂಚನ. ಕಾರ್ಡು ಹಿಡಿದು ಅವಳ ಮುಂದೆ ಹೋದೆ. ತನಗೇನೋ ಕೊಡಲು ಬಂದೆನೆಂದು ಎರಡೂ ಕೈ ಚಾಚಿದಳು. ನಾನು ಬರೆಯಲಿಲ್ಲ. ಇಡೀ ಕಟ್ಟನ್ನು ಖಾಲಿಯಾಗಿಯೇ ಆಫೀಸಿಗೆ ಒಪ್ಪಿಸಿ, ಕೆಲಸ ಕಳೆದುಕೊಂಡು ನೇರ ತಗಡೂರಿನ ಬಸ್ಸು ಹತ್ತಿದೆ.

ಮಿಸ್ ತೀರಿಕೊಂಡು ಎರಡು ತಿಂಗಳಾಗಿತ್ತು. ಅವರ ಮನೆಯ ಜಗಲಿಯಲ್ಲಿ ಆರೇಳು ಮಕ್ಕಳು ತಾವಾಗಿಯೇ ಬಂದು ಕೂತು ಜಗಳವಾಡುತ್ತಿದ್ದವು. ಚಪ್ಪಲಿ ಬಿಟ್ಟು ಆ ಮಕ್ಕಳ ನಡುವೆ ನೆಲಕ್ಕೆ ಕೂತೆ.